ಅಜ್ಜ-ಅಜ್ಜಿಗೆ ಇವತ್ತು ಊಟವಿಲ್ಲ

ಮೊದಲು ಲಮೂನ್ ಕಣ್ಣಿಗೆ ಬಿದ್ದದ್ದು ಬಿಸ್ಕತ್ತು ಡಬ್ಬಿಯ ಮುಚ್ಚಳ. ಪ್ರವಾಹದ ವರ್ಷ ಗುಡಿಯ ಮಾಡು ಒಡೆದಾಗ ಅವಳ ಗಂಡ ಅದನ್ನೇ ತಟ್ಟಿ ಮೊಳೆ ಹೊಡೆದಿದ್ದ. ಈಗ ಆ ಮಾಡು ನೆಲ ನೋಡುತ್ತಿತ್ತು. ಮಾಡು ಕೆಳಗೆ, ಕಾಲು ಮೇಲೆ. ಅಂಥವೇ ಹತ್ತಾರು ಪುಟ್ಟ ಗುಡಿಗಳು ಉಕ್ಕಿನ ತಂತಿಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದವು. ಅವುಗಳ ಸಂದಿಯಲ್ಲಿ ಜನ ಗಾಜಿನ ಲೋಟ ಹಿಡಿದು ಪಿಸುಗುಟ್ಟುತ್ತ ಅಡ್ಡಾಡುತ್ತಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರ: ‘ತೊರೆದು ಹೋದವರು’.

ಕಾಲುವೆ ಓಣಿಯ ಅಜ್ಜ-ಅಜ್ಜಿಯ ಗುಡಿ ಅದು. ಆ ನೆಲದ ಒಡೆತನ, ನೆಲ ಕಾಯುವ ದೈವಗಳಾದ ಆ ಇಬ್ಬರು ಹಿರಿಯರದ್ದು. ಓಣಿಯ ಮಂದಿ ಅವರ ನೆರಳಲ್ಲಿ ಬದುಕಿದವರು. ಅವರಿಗೆ ಅನ್ನ, ಬಾಳೆಹಣ್ಣು, ಹೀರುವ ಕೊಳವೆ ಹಾಕಿದ ಕೆಂಪು ಶರಬತ್ತು ಇಡದೆ ಲಮೂನ್ ಒಂದು ದಿನವೂ ತನ್ನ ಬಾಳೆಹಣ್ಣು ಸುಟ್ಟು ಮಾರುವ ಒಲೆ ಹಚ್ಚಿದವಳಲ್ಲ. ಬುಲ್ಡೋಜರು ಬಂದ ಬೆಳಿಗ್ಗೆ ಅವಳು ಪೊಲೀಸರ ಕಾಲು ಹಿಡಿದಿದ್ದಳು: “ಹಿರಿಯರಿಗೆ ಒಂದು ಮಾತು ಹೇಳಿ ಕರ್ಕೊಂಡು ಬರ್ತೀವಿ, ಸ್ವಲ್ಪ ಹೊತ್ತು ಬಿಡಿ.” ಬಿಡಲಿಲ್ಲ. ಅವರನ್ನು ಹೇಳದೆ ಕೇಳದೆ ಕಿತ್ತೆಸೆದರು. ಅದೇ ನೆಲದ ಮೇಲೆ ಬ್ಯಾಂಕಾಕಿನ ಈ ಗಾಜಿನ ಕಲಾಮಂದಿರ ಎದ್ದಿತು. ಲಮೂನ್ ಊರಾಚೆಯ ಕಟ್ಟಡವೊಂದರ ಒಂಬತ್ತನೇ ಮಹಡಿಗೆ ಬಿದ್ದಳು. ಅವರಿಗೆ ಯಾರೂ ಹೇಳಿಲ್ಲ, ಇನ್ನೂ ಕಾಯ್ತಿದ್ದಾರೆ ಅನ್ನುವುದೊಂದೇ ಮುಳ್ಳು ಅಂದಿನಿಂದ ಅವಳೆದೆಯಲ್ಲಿ. ನೆರೆಯವಳ ಫೋನಿನಲ್ಲಿ ಈ ಗುಡಿಯ ಚಿತ್ರ ಕಂಡಿದ್ದೇ, ಕರೆದೊಯ್ಯಲು ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ಬಗ್ಗಿ ಒಳಗೆ ನೋಡಿದಳು. ಮಣ್ಣಿನ ಅಜ್ಜ, ಮಣ್ಣಿನ ಅಜ್ಜಿ. ಕೆಳಗೆ ಬೀಳದಿರಲಿ ಎಂದು ಕಾಲಿಗೆ ಗೋಂದು ಮೆತ್ತಿ ತಲೆಕೆಳಗೆ ಅಂಟಿಸಿದ್ದರು.

ಅವಳು ಊದಿನಕಡ್ಡಿ ತೆಗೆದಳು. ಕಾವಲುಗಾರ ಖಂಪಾನ್ ಓಡಿಬಂದ.

“ದೊಡ್ಡಮ್ಮಾ, ಹಚ್ಚಬೇಡಿ, ಹೊಗೆಗೆ ಗಂಟೆ ಹೊಡ್ಕೊಳ್ಳತ್ತೆ!”

“ಹೊಡ್ಕೊಳ್ಳಲಿ. ಬುಲ್ಡೋಜರ್ ಬಂದಾಗ ಯಾವ ಗಂಟೆ ಹೊಡೀತು? ನಿಮ್ಮನೇಲಿ ಹಿರಿಯರನ್ನ ಹೀಗೇ ಬಾವಲಿ ಥರ ನೇತಾಕ್ತೀರೇನಪ್ಪಾ?”

ಅವನು ದನಿ ತಗ್ಗಿಸಿದ. “ನಮ್ಮೂರಲ್ಲಾಗಿದ್ರೆ ಇಂಥೋರ ಕಾಲು ಮುರೀತಿದ್ರು. ನಾನಂತೂ ಕೆಲಸಕ್ಕೆ ಸೇರಿದ ದಿನವೇ ಇವರಿಗೆ ಕೈ ಮುಗಿದು, ಗುರುತಿರಲಿ ಅಂತ ಹೆಸರು, ಊರು ಹೇಳ್ಕೊಂಡಿದೀನಿ.”

ಅಷ್ಟರಲ್ಲಿ ಕಲಾಮಂದಿರದ ಮೇಲ್ವಿಚಾರಕಿ ರಿನ್ರದಾ ಬಂದಳು. ಮುಖದ ತುಂಬ ನಗು.

“ಅಮ್ಮಾ, ಇದು ನಿಮ್ಮ ಓಣೀದಾ? ಎಷ್ಟು ಚೆಂದ!”

“ಇಳಿಸಿ ಕೊಡಿ. ಕರ್ಕೊಂಡು ಹೋಗ್ತೀನಿ.”

“ಹಾಗೆಲ್ಲ ಕೊಡೋಕಾಗಲ್ಲಮ್ಮ. ಕಲಾವಿದರ ಕೃತಿ ಇದು, ಮಾರಾಟಾನೂ ಆಗಿದೆ.”

“ಅಜ್ಜ-ಅಜ್ಜೀನ ಮಾರಿದ್ರಾ?”

“ನಿಮ್ಮ ನೋವನ್ನೇ ಹೇಳ್ತಿದೆ ಇದು...”

“ಯಾಕೆ, ನನ್ನ ಬಾಯಿ ಬಿದ್ದುಹೋಗಿದ್ಯಾ? ಓಣಿ ಬಾಗಿಲಲ್ಲಿ ನಿಂತು ಗಂಟಲು ಹರಿಯೋ ಹಂಗೆ ನಾನೇ ಹೇಳಿದೆ. ಆಗೆಲ್ಲಿದ್ರಿ? ತೊರೆದು ಹೋದವರಂತೆ! ಕತ್ತು ಹಿಡಿದು ದಬ್ಬಿದ್ದು ಮಾತ್ರ ಗೋಡೆ ಮೇಲೆ ಬರೀಲಿಲ್ಲ?”

ಸುತ್ತ ಫೋನುಗಳು ಮೇಲೆದ್ದವು. ಅದು ಕಂಡು ರಿನ್ರದಾಳ ಕಣ್ಣು ಇನ್ನೂ ಅರಳಿತು.

“ಒಂದು ಕೆಲಸ ಮಾಡೋಣ. ನೀವು ದಿನಾ ಬನ್ನಿ. ಇದೇ ಬಟ್ಟೇಲಿ, ಹೀಗೇ ಎಡೆ ಇಡಿ, ಹೀಗೇ ಬೈಯಿರಿ. ಕೃತಿಗೆ ಜೀವ ಬರತ್ತೆ. ಕೆಳಗೆ ನಿಮ್ಮ ಹೆಸರೂ ಹಾಕ್ತೀವಿ.”

ಲಮೂನ್ ಕೈಯಲ್ಲಿ ಶರಬತ್ತಿನ ಬಾಟಲಿ. ಕೊಳವೆ ಆಗಲೇ ಇಳಿಸಿದ್ದಳು. ಅವಳ ಮೈಯೆಲ್ಲ ಕೆಂಡವಾಯಿತು. ಇಷ್ಟು ವರ್ಷ ಈ ಎಡೆ ಇಟ್ಟದ್ದು ಯಾತಕ್ಕೆ? ಸಿಟ್ಟಾಗಬೇಡಿ, ತಣ್ಣಗಿರಿ ಅಂತ. ಈಗ ಇವರ ಗಾಜಿನ ಮನೆ ತಣ್ಣಗಿರಲಿ ಅಂತ ತಾನು ಇಡಬೇಕೇ?

ಅವಳು ನೆಲದ ಮೇಲೆ ಚಕ್ಕಳಮಕ್ಕಳ ಕೂತಳು.

“ಅಜ್ಜಾ, ಅಜ್ಜೀ, ನಾನು ಬಾಳೆಹಣ್ಣಿನ ಲಮೂನ್. ಕರ್ಕೊಂಡು ಹೋಗೋಕೆ ಬಂದಿದ್ದೆ. ಈಗ ಬೇಡ. ನೆಲ ನಿಮ್ಮದು, ನೀವ್ಯಾಕೆ ಒಂಬತ್ತನೇ ಮಹಡಿ ಹತ್ತಬೇಕು? ಇವರು ನಿಮ್ಮನ್ನ ಕೇಳದೆ ಕಟ್ಟಿದಾರೆ, ಕೇಳದೆ ಮಾರಿದಾರೆ. ಸುಮ್ಮನಿರಿ ಅಂತ ದಿನಾ ಬೇಡ್ಕೊಂಡವಳು ನಾನೇ. ಇನ್ನು ಸುಮ್ಮನಿರಬೇಡಿ. ಇವತ್ತಿಂದ ನಿಮಗೆ ಊಟವಿಲ್ಲ.”

ಕೊಳವೆಯನ್ನು ತನ್ನ ಬಾಯಿಗೇ ಇಟ್ಟು, ತಳದಲ್ಲಿ ಗೊರಗೊರ ಸದ್ದಾಗುವ ತನಕ ಹೀರಿದಳು. ಅನ್ನ ತಿಂದಳು. ಬಾಳೆಹಣ್ಣು ಸುಲಿದು ತಿಂದಳು. ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.

ರಿನ್ರದಾ ತಟ್ಟಲಿಲ್ಲ. ಅವಳ ಕೈ ತಾನಾಗಿಯೇ ಕುತ್ತಿಗೆಯ ತಾಯಿತಕ್ಕೆ ಹೋಗಿತ್ತು.

“ಅಮ್ಮಾ, ಇದೆಲ್ಲ ತಮಾಷೆ ಬೇಡ. ಇನ್ನೊಂದು ಬಾಟಲಿ ನಾನೇ ತರಿಸ್ತೀನಿ, ಇಟ್ಟು ಹೋಗಿ.”

“ತರಿಸಿ, ನೀವೇ ಇಡಿ. ಆದ್ರೆ ನಿಮ್ಮ ಹೆಸರು ಅವರಿಗೆ ಗೊತ್ತಾ?”

ಖಂಪಾನ್ ಅವಳನ್ನು ಬಾಗಿಲತನಕ ಬಿಡಲು ಬಂದ. “ದೊಡ್ಡಮ್ಮಾ, ಈ ವಾರ ನಂದು ರಾತ್ರಿ ಪಾಳಿ...”

“ನಿನ್ನ ಹೆಸರು ಹೇಳಿದೀಯಲ್ಲ ಮಗಾ. ನಿನಗೇನೂ ಮಾಡಲ್ಲ.”

ಒಳಗಿನಿಂದ ರಿನ್ರದಾ ಕೂಗಿದಳು: “ಖಂಪಾನ್! ಈ ಖಾಲಿ ಬಾಟಲಿ ತೆಗಿ ಇಲ್ಲಿಂದ!”

ಅವನು ಅಲ್ಲೇ ಕೈಕಟ್ಟಿ ನಿಂತ.

“ನೀವೇ ತೆಗೀರಿ ಮೇಡಂ.”