ನಟ್ಟಿನ ಮೇಲಿನ ಗೆರೆ

ಟಕ್ ಎಂದಿತು, ಮತ್ತೆ ಟಕ್, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮತ್ತೆ ಹೊತ್ತಿಕೊಂಡವು, ಅಷ್ಟೇ, ಇವತ್ತೂ ಅದೇ ರಾಗ ಅದೇ ಹಾಡು — ಅವಳು ಕೀ ಹಿಂದಕ್ಕೆ ತಿರುಗಿಸಿ ಸ್ಟೀರಿಂಗಿನ ಮೇಲೆ ಹಣೆಯಿಡಲು ಹೋದವಳು ಸೆಟೆದು ಕುಳಿತಳು, ಹಣೆಯಿಟ್ಟರೆ ಮಹಡಿಯ ಕಿಟಕಿಯಿಂದ ಅಪ್ಪನಿಗೆ ಕಾಣುತ್ತದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆದರೂ ಎದ್ದಿರುತ್ತಾನೆ, ಕಿವಿಯೆಲ್ಲ ಇಲ್ಲೇ ಇರುತ್ತದೆ, ಅಲ್ಲಿ ಆಸ್ಪತ್ರೆಯ ಲ್ಯಾಬಿನ ಬಾಗಿಲಲ್ಲಿ ಆಗಲೇ ಸಾಲು ನಿಂತಿರುತ್ತದೆ, ರಕ್ತ ಕೊಡಲು ರಾತ್ರಿಯಿಂದ ಹೊಟ್ಟೆಗೇನೂ ಹಾಕದೆ ಬಂದವರು, ಖಾಲಿ ಹೊಟ್ಟೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ, ಬಾಗಿಲ ಬೀಗದ ಕೈ ನೋಡಿದರೆ ತನ್ನ ಚೀಲದಲ್ಲಿ, ವರ್ಷಗಟ್ಟಲೆ ಸೂಜಿ ಹಿಡಿದ ಮೇಲೆ ಸಿಕ್ಕ ಬೆಳಗಿನ ಪಾಳಿಯ ಉಸ್ತುವಾರಿ, ಇನ್ನೊಂದು ಸಲ ತಡವಾದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ ಮೇಡಂ, ಎಂದು ಮ್ಯಾನೇಜರ್ ಹೇಳಿದ್ದು ಮೊನ್ನೆ, ಮೊಬೈಲಿನಿಂದ ತಲೆ ಎತ್ತದೆ, ಬೇಜಾರಂತೆ, ಇಲ್ಲ ಕುಣಿದಾಡುತ್ತೇನೆ. ಈ ಹೊತ್ತಿಗೆ ಬಸ್ಸು ಡಿಪೋದಿಂದ ಹೊರಟಿರುವುದೂ ಇಲ್ಲ.

ಗ್ಯಾರೇಜಿಗೆ ಒಯ್ದದ್ದಾಯಿತು, ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಸೆಲ್ಫ್ ಮೋಟರ್ ಬಿಚ್ಚಿ ಜೋಡಿಸಿದ್ದಾಯಿತು, ಗಾಡಿಗೇನೂ ಆಗಿಲ್ಲ ಮೇಡಂ, ನಮ್ಮಲ್ಲಿ ಒಂದೇ ಏಟಿಗೆ ಸ್ಟಾರ್ಟ್ ಆಯ್ತಲ್ಲ — ಹೌದು, ಆಸ್ಪತ್ರೆಯಲ್ಲಿ ದಿನವಿಡೀ ನಿಂತಿದ್ದರೂ ಒಂದೇ ಏಟಿಗೆ ಆಗುತ್ತದೆ, ಮನೆಯ ಮುಂದೆ ಮಾತ್ರ, ಬೆಳಗ್ಗೆ ಮಾತ್ರ ಇದಕ್ಕೆ ಸಾಯುವ ಕಾಯಿಲೆ, ಆಗ ಅಪ್ಪಾ ಒಂಚೂರು ಬರ್ತೀಯಾ ಎಂದು ಕೂಗಬೇಕು, ಕೂಗಿದ ಕೂಡಲೇ ಬರುವವನಲ್ಲ, ಇಸ್ತ್ರಿ ಶರಟು ತೊಟ್ಟು ತಲೆ ಬಾಚಿ ಮೆಟ್ಟಿಲಿಗೊಂದು ಕೆಮ್ಮು ಕೆಮ್ಮುತ್ತ ಇಳಿಯುತ್ತಾನೆ, ಏನ್ ಪುಟ್ಟಿ, ಮತ್ತೆ ಮುನಿಸ್ಕೊಂಡ್ಳಾ ನಿನ್ ಸವಾರಿ, ನಲವತ್ತು ದಾಟಿದವಳಿಗೆ ಪುಟ್ಟಿ, ನೀನು ಒಳಗೆ ಕೂತ್ಕೋ, ನಾನು ಹೇಳೋತನಕ ಕೀ ಮುಟ್ಟಬೇಡ, ಬಾನೆಟ್ ಮೇಲೆದ್ದು ಅವನನ್ನು ಪೂರ್ತಿ ಮರೆಮಾಡುತ್ತದೆ, ಟಿಣ್ ಟಿಣ್ ಸದ್ದು, ಹೂಂ ಹಾಕೀಗ, ಕಾರು ಗುರ್ ಎನ್ನುತ್ತದೆ, ಬಾನೆಟ್ ಇಳಿದರೆ ಹಿಂದೆ ಆ ನಗು, ಕೈ ನಡುಗಲು ಶುರುವಾಗಿ ತನ್ನ ವರ್ಕ್‌ಶಾಪಿನ ಬಾಗಿಲೆಳೆದ ದಿನದಿಂದ ಕಾಣೆಯಾಗಿದ್ದ ನಗು, ಯಜಮಾನ್ರೇ ನೀವೇ ನೋಡಬೇಕು ಎಂದು ಜನ ಕಾದು ನಿಲ್ಲುತ್ತಿದ್ದ ಕಾಲದ ನಗು, ಆ ಗ್ಯಾರೇಜಿನೋರು ಏನ್ ಕಿತ್ತು ಹಾಕಿದ್ರು, ಗಾಡಿಗೆ ಕೈಗುಣ ಬೇಕು ಪುಟ್ಟಿ. ಆ ಕೈಗುಣ ಮುಗಿಯುವಷ್ಟರಲ್ಲಿ ಅವಳಿಗೆ ದಿನಾ ತಡವಾಗುತ್ತಿತ್ತು.

ಮನೇಲಿ ಯಾರಾದ್ರೂ ಇದನ್ನ ಬಿಚ್ತಾರಾ ಮೇಡಂ, ಅಂಚೆಲ್ಲ ಸವೆದಿದೆ, ಎಂದಿದ್ದ ಗ್ಯಾರೇಜಿನವನು ನಿನ್ನೆ, ಬ್ಯಾಟರಿಯ ತಂತಿ ಹಿಡಿದಿಡುವ ಕ್ಲ್ಯಾಂಪಿನ ನಟ್ಟು ತೋರಿಸಿ, ಹೆತ್ತಪ್ಪನ ಮೇಲೆ ಅನುಮಾನ ಪಡುವಷ್ಟು ಕೆಟ್ಟುಹೋದೆನೇ ಎಂದು ತನ್ನನ್ನು ತಾನೇ ಬೈದುಕೊಂಡೇ ಅವಳು ಮನೆಗೆ ಬಂದು ಅದೇ ನಟ್ಟನ್ನು ಹತ್ತನೇ ನಂಬರಿನ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಚೀಲದಲ್ಲಿದ್ದ ವೈಟ್ನರಿನಿಂದ ನಟ್ಟಿನ ಮೇಲಿಂದ ಕ್ಲ್ಯಾಂಪಿಗೆ ನೇರ ಒಂದು ಗೆರೆ ಎಳೆದಿದ್ದಳು, ಅಪ್ಪನ ವರ್ಕ್‌ಶಾಪಿನ ಪದ್ಧತಿಯೇ ಅದು, ಬಿಗಿ ಮಾಡಿದ ನಟ್ಟಿಗೆಲ್ಲ ಬಿಳಿ ಪೇಂಟಿನ ಗೆರೆ, ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗುತ್ತದೆ, ಫ್ರಾಕು ತೊಡುವ ಕಾಲದಲ್ಲಿ ಬ್ರಷ್ಷು ಕೈಗೆ ಕೊಟ್ಟು ಎಳಿ ಪುಟ್ಟಿ ಅನ್ನುತ್ತಿದ್ದ, ಸೊಟ್ಟಗೆ ಎಳೆದರೆ ಒರೆಸಿ ಮತ್ತೆ ಎಳೆಸುತ್ತಿದ್ದ — ಆಮೇಲೆ ಸಂಜೆ, ಟೈರಿನ ಗಾಳಿ ನೋಡಿ ಬರ್ತೀನಿ ಎಂದು ಕಾರಿನ ಕೀ ತೆಗೆದುಕೊಂಡು ಅವನು ಕೆಳಗಿಳಿದಿದ್ದ, ದಿನಾ ಇಳಿಯುವ ಹಾಗೆ.

ಇವತ್ತು ಅವಳು ಕೂಗಲಿಲ್ಲ, ತಾನೇ ಸ್ಪ್ಯಾನರ್ ಹಿಡಿದು ಇಳಿದು ಬಾನೆಟ್ ಎತ್ತಿ ಮೊಬೈಲಿನ ಬೆಳಕು ಹಾಯಿಸಿದಳು, ಗೆರೆ ಮುರಿದಿತ್ತು, ಅರ್ಧ ನಟ್ಟಿನ ಮೇಲೆ, ಅರ್ಧ ಕ್ಲ್ಯಾಂಪಿನ ಮೇಲೆ, ಬೆರಳಿಟ್ಟರೆ ತಂತಿ ಲೊಡಲೊಡ — ಇದಕ್ಕೋ, ಹಾಕೀಗ ಎಂದು ಒಂದು ಮಾತು ಹೇಳುವ ಸುಖಕ್ಕೋ ಮಗಳ ಅನ್ನಕ್ಕೆ ಕಲ್ಲು ಹಾಕಿದ್ದು, ಮೊನ್ನೆ ಮ್ಯಾನೇಜರನ ಮುಂದೆ ತಲೆ ತಗ್ಗಿಸಿ ನಿಂತು ಬಂದು ಅತ್ತದ್ದು ಇವನ ಹತ್ತಿರವೇ, ನಾನಿದೀನಲ್ಲ ಪುಟ್ಟಿ ಎಂದು ತಲೆ ಸವರಿದ್ದ, ಅದೇ ಕೈಯಿಂದ — ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು, ಕರೆಯದಿದ್ದರೂ ಬಂದ, ಇಸ್ತ್ರಿ ಶರಟು, ಯಾಕೆ ಪುಟ್ಟಿ ಕೂಗ್ಲೇ ಇಲ್ಲ, ಸರಿ, ಒಳಗೆ ಕೂತ್ಕೋ, ಅವಳು ಕೂರಲಿಲ್ಲ, ಬೆಳಕನ್ನು ನಟ್ಟಿನ ಮೇಲೆ ಬಿಟ್ಟು ನೋಡಪ್ಪ ಅಂದಳು, ಅವನು ಬಗ್ಗಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ, ಏನಿದೆ ಅಲ್ಲಿ, ಎಲ್ಲ ಸರಿಯಾಗೇ ಇದೆಯಲ್ಲ, ಚಳಿಗೆ ಹೀಗೆ ಮಾಡುತ್ತೆ ಅಷ್ಟೆ, ಎಂದು ಸ್ಪ್ಯಾನರಿಗೆ ಕೈ ಚಾಚಿದ, ಆ ನಡುಗುವ ಕೈ, ಅವಳು ಕೊಡಲಿಲ್ಲ, ತಾನೇ ಹಲ್ಲು ಕಚ್ಚಿ ಬಿಗಿ ಮಾಡಿದಳು, ಸಿಟ್ಟಿಗೆ ಬೇಕಾದದ್ದಕ್ಕಿಂತ ಹೆಚ್ಚೇ ತಿರುಗಿಸಿದಳು, ಕೂತು ಕೀ ಹಾಕಿದರೆ ಒಂದೇ ಏಟಿಗೆ ಸ್ಟಾರ್ಟ್, ಅರೆ, ನಾನಿನ್ನೂ ಕೈಯೇ ಹಾಕಿಲ್ವಲ್ಲ ಪುಟ್ಟಿ ಅಂದ ಅವನು, ಗೇಟಿನ ಹತ್ತಿರ ಸಣ್ಣಗಾಗುತ್ತ ನಿಂತ, ಅವಳು ತಿರುಗಿ ನೋಡಲಿಲ್ಲ, ಹೊತ್ತಿಗೆ ಸರಿಯಾಗಿ ಹೋಗುತ್ತೇನೆ, ಬಾಗಿಲು ತೆಗೆಯುತ್ತೇನೆ, ಇವತ್ತಿನಿಂದ ಕೀ ನನ್ನ ದಿಂಬಿನ ಕೆಳಗೆ — ಆದರೆ ಗೆರೆ, ನಿನ್ನೆ ಅವನಿಗೆ ಕಂಡಿದ್ದರೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿಹಾಕುತ್ತಿದ್ದನಲ್ಲ, ಜೀವಮಾನವಿಡೀ ಗೆರೆ ನೋಡಿದ ಕಣ್ಣು, ಬೆಳಕು ಬಿಟ್ಟು ತೋರಿಸಿದರೂ ಕಾಣದಷ್ಟು ಹೋಗಿಬಿಟ್ಟಿದೆಯೇ, ಇಲ್ಲವೇ ಕಂಡೂ ತಿರುಗಿಸಿದನೇ, ಗೊತ್ತಾದರೆ ಆಗಲಿ, ಎಲ್ಲಿಗೆ ಹೋಗ್ತಾಳೆ ಎಂದು, ಯಾವುದಾಗಿದ್ದರೆ ತಾನೇ ಸಹಿಸಬಹುದು, ಮುಂದಿನ ಸಿಗ್ನಲ್ಲು ಕೆಂಪಾಯಿತು, ಹಸಿರಾಯಿತು, ಹಿಂದಿನವರು ಹಾರ್ನ್ ಮಾಡುತ್ತಿದ್ದಾರೆ, ಅವಳ ಕಾಲು ಕ್ಲಚ್ಚಿನ ಮೇಲೇ ಇದೆ, ಕಂಡಿತ್ತೇ, ಕಂಡಿರಲಿಲ್ಲವೇ, ಬಿಳಿ ಗೆರೆ, ಅರ್ಧ ನಟ್ಟಿನ ಮೇಲೆ, ಅರ್ಧ