ಕೊಳವೆಯ ಒಳಗಿನ ನೀಲಿ

ನವನೀತನ್ ನನ್ನ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದು ಇಷ್ಟು: "ಬಿರುಕಿನಿಂದ ಬಿದ್ದದ್ದಲ್ಲ, ಬಿದ್ದದ್ದರಿಂದ ಬಿರುಕು. ಅಮ್ಮಣಿ ಕನಸು ಕಾಣುತ್ತಾ ಓಡಿಸಿರಬೇಕು." ತಮಿಳಿನಲ್ಲಿ ಬರೆದಿದ್ದ; ಅಮ್ಮಣಿ ಅಂದರೆ ಈ ಕಡೆ ಹುಡುಗಿಯರನ್ನು ಕರೆಯುವ ಮಾತು, ಇಲ್ಲಿ ನಾನು. ಅದರ ಕೆಳಗೆ ಮೂವತ್ತೊಂದು ನಗುವ ಮುಖಗಳು. ನಾನು ಬಲಗೈಯನ್ನು ಜೋಲಿಗೆ ಕಟ್ಟಿಕೊಂಡು ಹಾಸಿಗೆಯ ಮೇಲೆ ಕೂತಿದ್ದೆ. ಸೈಕಲ್ಲಿನಿಂದ ಬಿದ್ದು ಮುರಿದದ್ದು ಕುತ್ತಿಗೆಯ ಬುಡದ ಎಲುಬು. ಎಡಗೈಯಲ್ಲಿ ಆ ಸಾಲನ್ನು ಡೈರಿಗೆ ಇಳಿಸಿಕೊಂಡೆ. ಅಕ್ಷರ ಒಂದನೇ ಕ್ಲಾಸಿನ ಮಕ್ಕಳ ಬರಹದಂತೆ ಬಂತು. ತಲೆಮಾರುಗಳಿಂದ ತಮಿಳು ಸೀಮೆಯಲ್ಲಿರುವ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ಡೈರಿಯನ್ನು ಬಚ್ಚಿಡುವ ಕೆಲಸವಿಲ್ಲ. ಆ ಸಾಲಿನ ಕೆಳಗೆ ಬರೆದೆ: ಇದು ಸುಳ್ಳು ಅಂತ ಇವನ ಮುಖದಲ್ಲೇ ಕಾಣಬೇಕು, ನಕ್ಕವರೆಲ್ಲ ಅದನ್ನು ನೋಡಬೇಕು.

ಶರವಣಂಪಟ್ಟಿಯಲ್ಲಿ ಅವನಿಗೊಂದು ಸೈಕಲ್ ಅಂಗಡಿ, ಹಿಂದುಗಡೆ ಒಂದು ಶೆಡ್ಡು. ಭಾನುವಾರ ಬೆಳಗ್ಗೆ ಸೈಕಲ್ ಏರಿ ಊರೂರು ಸುತ್ತುವ ನಮ್ಮ ಗುಂಪಿಗೆ ಅವನೇ ಮುಂದಾಳು, ಎಲ್ಲರ ಬಾಯಲ್ಲೂ ನವನೀತಣ್ಣ. ಎರಡು ವರ್ಷದ ಹಿಂದೆ ಟೈಟಾನಿಯಂ ಫ್ರೇಮುಗಳನ್ನು ತನ್ನ ಶೆಡ್ಡಿನಲ್ಲೇ ಮಾಡಿಸಲು ಶುರುಮಾಡಿದ. ಅಲ್ಲಿಂದ ಮಾರಾಟವಾದ ನಾಲ್ಕನೆಯ ಫ್ರೇಮು ನನ್ನದು.

ಅದಕ್ಕೆ ಬಣ್ಣ ಬಳಿದಿರಲಿಲ್ಲ. ಬರೀ ಬೂದು ಮೈ, ಮುಟ್ಟಿದರೆ ಬೆಳಗಿನ ನೀರಿನಂಥ ತಂಪು. ಒಂದು ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತುತ್ತಿದ್ದೆ. ಅವಿನಾಶಿ ರಸ್ತೆಯ ಕಿತ್ತುಹೋದ ಟಾರಿನ ಮೇಲೆ ಓಡಿಸಿದರೂ ನಡುಕ ಅಂಗೈಗೆ ಬರುವ ಮುನ್ನ ಅದರಲ್ಲೇ ಕರಗಿ ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ನನಗಾಗಿ ನಾನು ಕೊಂಡ ದೊಡ್ಡ ವಸ್ತು ಅದೊಂದೇ. ರಾತ್ರಿ ಮಂಚದ ಪಕ್ಕಕ್ಕೆ ಒರಗಿಸಿಕೊಂಡು ಮಲಗುತ್ತಿದ್ದೆ.

ಓದಿದ್ದು ಲೋಹಶಾಸ್ತ್ರ, ಒಂದು ಫೌಂಡ್ರಿಯ ಲ್ಯಾಬಿನಲ್ಲಿ ಎರಕದ ಸಾಮಾನುಗಳಲ್ಲಿ ಬಿರುಕು ಹುಡುಕುವುದು ನನ್ನ ಕೆಲಸ. ಅದಕ್ಕೇ ಗುಂಪಿನವರು ಫ್ರೇಮು ಹೇಗಿದೆ ಬರಿ ಅಂದರು. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದ ನನಗೆ ಬರೆಯಲು ಹೇಳಿದರೆ ಇನ್ನೇನು ಬೇಕು? ಮೂರು ಪುಟ ಬರೆದೆ. ಟೈಟಾನಿಯಂ ಬೆಸುಗೆ ಚೆನ್ನಾಗಿದೆಯೋ ಇಲ್ಲವೋ ಅದರ ಬಣ್ಣವೇ ಹೇಳುತ್ತದೆ. ಕಾದ ಲೋಹಕ್ಕೆ ಗಾಳಿ ತಾಗಿದರೆ ನೀಲಿಯಾಗುತ್ತದೆ, ಇನ್ನೂ ತಾಗಿದರೆ ಸುಣ್ಣದಂತೆ ಬೆಳ್ಳಗಾಗುತ್ತದೆ. ಅಂಥ ಬೆಸುಗೆ ಹಪ್ಪಳದ ಹಾಗೆ, ಒಂದಲ್ಲ ಒಂದು ದಿನ ಸೀಳುತ್ತದೆ. ಗಾಳಿ ತಾಗದಿದ್ದರೆ ಬೆಳ್ಳಿಯ ಹಾಗಿರುತ್ತದೆ. ಈ ಫ್ರೇಮಿನ ಬೆಸುಗೆಗಳೆಲ್ಲ ಬೆಳ್ಳಿಯೇ, ಕಣ್ಣುಮುಚ್ಚಿ ಕೊಳ್ಳಬಹುದು ಅಂತ ಬರೆದೆ. ಅದನ್ನು ಓದಿ ಗೋಕಿಲಾ ಐದನೆಯ ಫ್ರೇಮು ಕೊಂಡಳು. ಗೋಕಿಲಾ ನಮ್ಮ ಬೀದಿಯವಳು, ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವಳು.

ಗುಂಪು ಮಡತ್ತುಕುಳಂ ಕಡೆಗೆ ಹೊರಟಿದ್ದ ಒಂದು ಭಾನುವಾರ, ಅಮರಾವತಿ ಹೊಳೆಗೆ ಇನ್ನೂ ಸ್ವಲ್ಪ ದೂರವಿದ್ದಾಗ, ಹ್ಯಾಂಡಲಿನ ಕೆಳಗೆ ಟಕ್ ಅಂತ ಸದ್ದಾಯಿತು. ಆಮೇಲೆ ಮುಂದಿನ ಚಕ್ರ ತನ್ನ ಪಾಡಿಗೆ ತಿರುಗಿತು. ಆಮೇಲೆ ನಾನು ಬಿದ್ದೆ. ಮೊದಲು ಸದ್ದು, ಆಮೇಲೆ ನೆಲ. ಇದು ನನಗೆ ಚೆನ್ನಾಗಿ ನೆನಪಿದೆ. ನವನೀತನ್ ಫ್ರೇಮನ್ನು ಅಂಗಡಿಗೆ ಒಯ್ದು, ಎರಡು ದಿನ ಇಟ್ಟುಕೊಂಡು, ಹಾಗೇ ಮನೆಗೆ ಕಳಿಸಿದ. ಅದಾದ ಮೇಲೆ ಬರೆದದ್ದು ಆ ಸಾಲು. ಅಮ್ಮ ಕೂಡ ನನ್ನ ತಲೆ ಬಾಚುತ್ತಾ, ಏನಾದರೂ ಯೋಚನೆ ಮಾಡ್ತಾ ಇದ್ದೆಯಾ ಅಂತ ಮೆಲ್ಲಗೆ ಕೇಳಿದಳು.

ಆರು ವಾರಕ್ಕೆ ಜೋಲಿ ಬಿಚ್ಚಿದರು. ಮಾರನೆಯ ದಿನ, ಮಂಗಳವಾರ, ನವನೀತನ್ ಊಟಕ್ಕೆ ಮನೆಗೆ ಹೋಗುವ ಹೊತ್ತು ನೋಡಿಕೊಂಡು ಶೆಡ್ಡಿಗೆ ಹೋದೆ. ವೆಲ್ಡರ್ ಕುಪ್ಪಸಾಮಿ ಒಬ್ಬರೇ ಇದ್ದರು. ಅರವತ್ತು ದಾಟಿದವರು, ತಿರುಪ್ಪೂರಿನ ಸಾಯಪಟ್ಟರೆಗಳಿಗೆ, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಗೆ, ಸ್ಟೀಲ್ ತೊಟ್ಟಿ ಬೆಸೆಯುವುದರಲ್ಲೇ ಆಯುಸ್ಸು ಕಳೆದವರು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ನಾನು ಮಾತಾಡಿದ್ದನ್ನು ಕೇಳಿ ಅವರು ಕನ್ನಡಕ ಮೇಲೆತ್ತಿದರು.

"ನಮ್ಮ ಮಾತಾಡ್ತೀಯಲ್ಲ ಅಮ್ಮಣಿ. ಯಾರ ಮನೆ ಹುಡ್ಗಿ ನೀನು?"

ಅವಿನಾಶಿಯ ಮಗ್ಗದ ರಾಮಲಿಂಗಂ ಅವರ ಮೊಮ್ಮಗಳು ಅಂದೆ. ಅಷ್ಟು ಸಾಕಾಯಿತು. ಸ್ಟೂಲ್ ಒರೆಸಿ ಕೂರಿಸಿ, ತಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಕೆಲಸ ಮುಂದುವರಿಸಿದರು. ಆಗತಾನೆ ಬೆಸೆದ ಜೋಡಣೆಯ ಸುತ್ತ ಪಾರಿವಾಳದ ಕತ್ತಿನಂಥ ನೀಲಿ ಪಟ್ಟಿ ಇತ್ತು. ತಂತಿ ಬ್ರಷ್ಷಿನ ಚಕ್ರ ಹಿಡಿದು ಅದನ್ನು ಉಜ್ಜಿದರು. ಎರಡೇ ನಿಮಿಷ, ಬೆಳ್ಳಿ.

ಅದನ್ನ ಯಾಕೆ ತೇಯ್ತೀರಿ ಮಾಮಾ ಅಂತ ಕೇಳಿದೆ.

"ಕಲರ್ ಹಂಗೇ ಬಿಟ್ರೆ ತೊಟ್ಟಿನ ವಾಪಸ್ ಅನುಪ್ತಾನೆ ಅಮ್ಮಣಿ, ಸಾಯಪಟ್ಟರೆಕಾರ. ಪಳಪಳಾಂತ ಇರ್ಬೇಕು. ನಲ್ವತ್ತು ವರ್ಷ ಹಿಂಗೇ ಮಾಡಿರೋ ಕೈ ಇದು."

ಸ್ಟೀಲಿನ ತೊಟ್ಟಿಯಲ್ಲಿ ಆ ನೀಲಿಯನ್ನು ತೆಗೆಯಲೇಬೇಕು, ಇಲ್ಲದಿದ್ದರೆ ತುಕ್ಕು ಅಲ್ಲಿಂದ ಹಿಡಿಯುತ್ತದೆ. ಟೈಟಾನಿಯಂನಲ್ಲಿ ಅದೇ ನೀಲಿಯನ್ನು ತೆಗೆದರೆ ಕೆಟ್ಟ ಬೆಸುಗೆಯ ಗುರುತೇ ಹೋಗುತ್ತದೆ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಅವರ ಬ್ರಷ್ಷಿನ ಕೆಲಸ ನೋಡಿ ಮೂರು ಪುಟ ಹೊಗಳಿದ್ದೆ.

ಗಾಳಿ ತಾಗದಂತೆ ಕೊಳವೆಯ ಒಳಗೂ ಗ್ಯಾಸ್ ಬಿಡುತ್ತೀರಾ ಅಂದೆ. ಅವರು ಬಾಗಿಲ ಕಡೆ ನೋಡಿದರು.

"ಬಿಡ್ಬೇಕು ಅಂತ ಪೈಪು ಕೊಟ್ಟವ್ನು ಹೇಳಿದ್ದ. ನಾನೂ ಕೇಳ್ದೆ. ಒಳಗೆ ಯಾರ್ ನೋಡ್ತಾರೆ, ಮೇಲೆ ಬಿಟ್ರೆ ಪೋದುಂ, ಅಷ್ಟು ಸಾಕು ಅಂದ್ರು ನಿಮ್ಮ ನವನೀತಣ್ಣ. ಒಂದು ಸೀಳ್ಕೊಂಡು ಬಂತು, ಆವಾಗ್ಲೂ ಅದೇ ಮಾತು. ಇನ್ನೊಂದು ಬಂತು. ನಿಂದು ಮೂರ್ನೇದು ಅಮ್ಮಣಿ."

ಮೂರನೆಯದು. ಹಾಗಾದರೆ ಆ ಸಾಲು ಬರೆಯುವಾಗ ಅವನಿಗೆ ಎಲ್ಲ ಗೊತ್ತಿತ್ತು. ನಾನು ಟೀ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಬುಧವಾರ ರಜೆ ಹಾಕಿ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಫ್ರೇಮನ್ನು ಮಲಗಿಸಿದೆ. ಕೊಯ್ದರೆ ಗ್ಯಾರಂಟಿ ಇಲ್ಲವೆಂದು ಅಂಗಡಿಯ ಕಾಗದದಲ್ಲೇ ಇತ್ತು. ರಿಪೇರಿಯ ಆಸೆಯೂ ಅಲ್ಲಿಗೆ ಮುಗಿಯುತ್ತಿತ್ತು. ತೆಂಗಿನೆಣ್ಣೆ ಬಿಟ್ಟುಕೊಂಡು ಕೈ ಗರಗಸದಲ್ಲಿ ಕೊಯ್ಯುತ್ತಾ ಹೋದೆ. ಮೂರು ಬ್ಲೇಡು ಹೋದವು. ಭುಜ ಉರಿಯುತ್ತಿತ್ತು. ಅಮ್ಮ ಬಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ಕೂತು ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಒಳಗೆ ಕಡು ನೀಲಿ. ಅದರ ನಡುವೆ ಬೆಸುಗೆಯುದ್ದಕ್ಕೂ ಬಿಳಿ. ಬೆರಳಿಟ್ಟರೆ ಸುಣ್ಣದ ಪುಡಿಯಂತೆ ಅಂಟಿತು. ಬಿರುಕು ಬಿಡದ ಇನ್ನೊಂದು ಜೋಡಣೆಯನ್ನೂ ಕೊಯ್ದು ನೋಡಿದೆ. ಅದೂ ಹಾಗೇ.

ಅವತ್ತೇ ಗುಂಪಿಗೆ ಫೋಟೋ ಹಾಕಬಹುದಿತ್ತು. ಹಾಕಿದ್ದರೆ ಅವನು ಇನ್ನೊಂದು ಸಾಲು ಬರೆಯುತ್ತಿದ್ದ, ಅದಕ್ಕೂ ಮೂವತ್ತೊಂದು ಜನ ನಗುತ್ತಿದ್ದರು. ಮುಂದಿನದನ್ನು ಬಿಟ್ಟು ಅದರಾಚೆಯ ಭಾನುವಾರ ಅವಿನಾಶಿಯ ಬೇಕರಿಯಲ್ಲಿ ಇಡೀ ಗುಂಪು ಸೇರುವುದಿತ್ತು. ಹನ್ನೊಂದು ದಿನ ಕಾದೆ. ನಡುವಿನ ಭಾನುವಾರ ಗೋಕಿಲಾ ನಾಲ್ಕು ಜನರ ಜೊತೆ ಕೋತಗಿರಿ ಘಾಟಿ ಹತ್ತಿ, ಇಳಿದು, ಕೆಳಗಿನಿಂದ ಫೋಟೋ ಕಳಿಸಿದಳು. ಅವಳ ಕೆಳಗೆ ಆ ಐದನೆಯ ಫ್ರೇಮು. ನಾನು ಅದಕ್ಕೊಂದು ಹಾರ್ಟ್ ಹಾಕಿದೆ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ಆ ಭಾನುವಾರ ಅಮ್ಮನ ಸ್ಕೂಟಿಯಲ್ಲಿ, ಬಟ್ಟೆ ಚೀಲ ಹಿಡಿದು ಹೋದೆ. ಬೇಕರಿಯ ಮುಂದೆ ಸುಮಾರು ನಲವತ್ತು ಜನ. ನವನೀತನ್ ವಾಲ್ಪಾರೈಗೆ ಹೋಗುವ ದಾರಿ ವಿವರಿಸುತ್ತಿದ್ದ. ಅವನ ಸ್ವಂತ ಟೈಟಾನಿಯಂ ಸೈಕಲ್, ಅದೇ ಶೆಡ್ಡಿನದು, ಗೋಡೆಗೆ ಒರಗಿತ್ತು.

ಫ್ರೇಮಿನ ಕೊಯ್ದ ತುಂಡುಗಳನ್ನು ತೆಂಗಿನಕಾಯಿ ಬನ್ನಿನ ತಟ್ಟೆಗಳ ನಡುವೆ ಇಟ್ಟೆ. ಒಂದು ತುಂಡನ್ನು ಪಕ್ಕದವರ ಕೈಗೆ ಕೊಟ್ಟೆ. ಅವರು ಒಳಗೆ ಬೆರಳು ಹಾಕಿದರು, ಬೆರಳು ಬೆಳ್ಳಗಾಯಿತು. ಅದು ಕೈಯಿಂದ ಕೈಗೆ ಹೋಗುವಾಗ ನನಗೆ ದನಿ ಬಂತು. ಮನೆಯಲ್ಲಿ ಕನ್ನಡಿ ಮುಂದೆ ಹೇಳಿಕೊಂಡಿದ್ದ ನಾಲ್ಕು ವಾಕ್ಯಗಳನ್ನು ತಮಿಳಿನಲ್ಲಿ ಹೇಳಿದೆ: ಒಳಗೆ ಗ್ಯಾಸ್ ಬಿಡದೆ ಬೆಸೆದದ್ದು, ಬಣ್ಣ ಉಜ್ಜಿದ್ದು, ನಾನು ಅದಕ್ಕೆ ಮೋಸಹೋಗಿ ಹೊಗಳಿದ್ದು, ಮೊದಲು ಸೀಳಿ ಆಮೇಲೆ ಬಿದ್ದದ್ದು.

ನವನೀತನ್ ನಕ್ಕ. ಗರಗಸ ಹಾಕಿದ ಮೇಲೆ ಗ್ಯಾರಂಟಿ ಕೇಳಬಾರದು ಅಂದ. ನಾನು ಕೇಳುತ್ತಿಲ್ಲ ಅಂದೆ. ಮುದುಕ ಕುಪ್ಪಸಾಮಿಯ ಕೈ ನಡುಗುತ್ತದೆ, ನಾಳೆಯೇ ಕೆಲಸದಿಂದ ನಿಲ್ಲಿಸುತ್ತೇನೆ ಅಂದ.

"ಮೊದಲ ಎರಡು ಸೀಳಿ ಬಂದಾಗ ಯಾಕಣ್ಣಾ ನಿಲ್ಲಿಸ್ಲಿಲ್ಲ?"

ಯಾವ ಎರಡು ಅಂತ ಅವನು ಕೇಳಲಿಲ್ಲ. ಕೇಳಲಿಲ್ಲ ಅನ್ನುವುದನ್ನು ಎಲ್ಲರೂ ಗಮನಿಸಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ, ಅಮ್ಮಣಿಗೆ ಹೊಸ ಫ್ರೇಮು ಸುಮ್ಮನೆ ಕೊಡುತ್ತೇನೆ, ವಿಷಯ ಇಲ್ಲಿಗೆ ಬಿಡೋಣ ಅಂದ. ನಾನು ಚೀಲದಿಂದ ಲ್ಯಾಬಿನ ಎರಡು ಸ್ಪ್ರೇ ಡಬ್ಬಿ ತೆಗೆದೆ. ಒಂದರ ಕೆಂಪು ನೀರು ಕಣ್ಣಿಗೆ ಕಾಣದ ಬಿರುಕಿಗೂ ಇಳಿಯುತ್ತದೆ. ಒರೆಸಿ ಇನ್ನೊಂದರ ಬಿಳಿ ಪುಡಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಏಳುತ್ತದೆ. ನಿಮ್ಮ ಸೈಕಲ್ಲಿಗೆ ಹೊಡೆದು ನೋಡೋಣ, ಇಪ್ಪತ್ತು ನಿಮಿಷ ಸಾಕು, ಗೆರೆ ಬಾರದಿದ್ದರೆ ನಾನು ಕನಸು ಕಾಣುತ್ತಾ ಬಿದ್ದೆ ಅಂತ ನಾನೇ ಗುಂಪಿಗೆ ಬರೆಯುತ್ತೇನೆ ಅಂದೆ.

ಅದೆಲ್ಲ ಬೇಡ, ನನ್ನ ಸೈಕಲ್ ಚೆನ್ನಾಗಿದೆ ಅಂದ.

"ಹಾಗಾದ್ರೆ ಹತ್ತಿ ಮನೆಗೆ ಹೋಗಿ ಅಣ್ಣಾ. ನಾವು ನೋಡ್ತೀವಿ."

ಇಷ್ಟು ಜನರ ಮುಂದೆ ನಾನು ಆಡಿದ ಅತಿ ಗಟ್ಟಿ ಮಾತು ಅದು. ಅವನು ಹೆಲ್ಮೆಟ್ ಹಾಕಿಕೊಂಡ. ಸೈಕಲ್ಲನ್ನು ರಸ್ತೆಯವರೆಗೆ ತಳ್ಳಿದ. ಒಂದು ಕಾಲು ಎತ್ತಿದವನು ಇಳಿಸಿದ. ಅವನ ಹೆಬ್ಬೆರಳು ಹ್ಯಾಂಡಲಿನ ಕೆಳಗಿನ ಬೆಸುಗೆಯನ್ನು ಸವರುತ್ತಿತ್ತು, ಅದು ಅವನಿಗೇ ಗೊತ್ತಿದ್ದಂತಿರಲಿಲ್ಲ. ಆಮೇಲೆ ಫೋನ್ ತೆಗೆದು, ಬೇರೆ ಕಡೆ ಕೆಲಸವಿದೆ, ಅಂಗಡಿಯ ವ್ಯಾನ್ ಕಳಿಸಿ ಅಂದ. ಯಾರೂ ನಗಲಿಲ್ಲ. ನನ್ನ ಎದೆಯಲ್ಲಿ ಏನೋ ಬೆಚ್ಚಗೆ ಹರಡಿಕೊಂಡಿತು. ಅಷ್ಟು ಸುಖ ನನಗೆ ಯಾವ ಇಳಿಜಾರಿನಲ್ಲೂ ಸಿಕ್ಕಿರಲಿಲ್ಲ.

ಗೋಕಿಲಾ ಪಕ್ಕಕ್ಕೆ ಬಂದಳು. ಅವಳ ಕೈಯಲ್ಲಿ ನೀಲಿ ತುಂಡಿತ್ತು.

"ಇದನ್ನ ಯಾವಾಗ ಕೊಯ್ದೆ?"

"ಬುಧವಾರ."

"ಯಾವ ಬುಧವಾರ ಡೀ?"

ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಮೊನ್ನೆಯದ್ದಲ್ಲ, ಅದರ ಹಿಂದಿನದು ಅಂದೆ. ಅವಳು ಮನಸ್ಸಿನಲ್ಲೇ ದಿನ ಎಣಿಸಿದಳು.

"ನಾನು ಕೋತಗಿರಿ ಇಳಿಯೋವಾಗ ನಿಂಗೆ ಗೊತ್ತಿತ್ತು."

"ಹೂಂ."

ತುಂಡನ್ನು ಮೇಜಿನ ಮೇಲಿಟ್ಟು, ತನ್ನ ಸೈಕಲ್ಲನ್ನು ಅಲ್ಲೇ ಬಿಟ್ಟು, ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸೈಕಲ್ ಶೂಗಳು ಟಾರಿನ ಮೇಲೆ ಟಕಟಕ ಅನ್ನುತ್ತಿದ್ದವು. ನಾನು ಓಡಿದ್ದರೆ ತಿರುವು ಬರುವ ಮುನ್ನವೇ ಸಿಗುತ್ತಿದ್ದಳು.

ಆದರೆ ವ್ಯಾನ್ ಇನ್ನೂ ಬಂದಿರಲಿಲ್ಲ. ಅವನು ತನ್ನ ಸೈಕಲ್ಲನ್ನು ತಾನೇ ಎತ್ತಿ ಅದರೊಳಗೆ ಹಾಕುವುದನ್ನು ನಾನು ನೋಡಬೇಕಿತ್ತು. ಇನ್ನೊಂದು ಟೀ ಹೇಳಿ, ರಸ್ತೆ ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತೆ.