ಸುಳ್ಳು ತಂತಿ

ಅಕ್ಕನಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಸುಕ್ಕು ತೀಡುತ್ತಿದ್ದ ತಂಗಿ, ಬಾಗಿಲ ಬಳಿ ಯಾರೋ ನಕ್ಕಿದ್ದಕ್ಕೆ ತಲೆಯೆತ್ತಿದಳು. ಅಕ್ಕನ ಹಳೆಯ ಆಫೀಸಿನ ಮ್ಯಾನೇಜರು.

"ಏನು ತಲೆ ಅಂತೀರಿ ಇವರದು! ಮಕ್ಕಳಿಗೆ ಉಸಿರು ಕೊಡೋ ಮಷೀನಿಗೆ ನಾವು ಚಿಪ್ ಮಾಡ್ತಿದ್ವಿ. ಕಳ್ಳರು ಅದನ್ನ ಪದರ ಪದರವಾಗಿ ಸುಲಿದು, ಫೋಟೋ ತೆಗೆದು, ಹಾಗೇ ನಕಲು ಮಾಡೋರು. ಇವರು ಒಳಗೊಂದು ಸುಳ್ಳು ತಂತಿ ಎಳೆದ್ರು. ನೋಡೋಕೆ ಕೂಡಿಕೊಂಡ ಹಾಗೆ, ನಿಜಕ್ಕೂ ಕೂಡಿರಲ್ಲ. ನಕಲು ಮಾಡೋನು ನಂಬಿ ಕೂಡಿಸಿದ್ನೋ, ಕೆಟ್ಟ! ಅವನ ಚಿಪ್ ಹಾಕಿದ ಮಷೀನು ಒಂದಷ್ಟು ತಿಂಗಳು ಓಡಿ, ಇದ್ದಕ್ಕಿದ್ದ ಹಾಗೆ ನಿಂತುಹೋಗೋದು!"

ಗೋಡೆಗೆ ಒರಗಿದ್ದ ನರ್ಸ್ ನೆಟ್ಟಗಾದಳು. ಅಕ್ಕ ಪುಕ್ಕಟೆಯಾಗಿ ಮಷೀನು ರಿಪೇರಿ ಮಾಡಿಕೊಡುತ್ತಿದ್ದ ಸಣ್ಣ ಆಸ್ಪತ್ರೆಯವಳು.

*

ಆ ತಂತಿಗೆ ಆಫೀಸೆಲ್ಲ ಚಪ್ಪಾಳೆ ತಟ್ಟಿತ್ತು. ನಕಲಿ ಮಷೀನು ನಿಂತು ಮಗುವೊಂದು ಹೋಯಿತೆಂಬ ಸುದ್ದಿ ಬಂದಾಗ ಅಕ್ಕ ಮ್ಯಾನೇಜರ ಮುಂದೆ ನಿಂತಿದ್ದಳು.

"ಎಲ್ಲ ಆಸ್ಪತ್ರೆಗೂ ಹೇಳಿಬಿಡೋಣ ಸಾರ್. ಇನ್ನೂ ಎಷ್ಟು ಕಡೆ ಇವೆಯೋ."

"ಬಾಯಿ ಬಿಟ್ರೆ ನಮ್ಮ ಗುಟ್ಟೇ ರಟ್ಟಾಗುತ್ತೆ. ಕದ್ದ ಮಾಲು ಕೊಂಡವರ ಹಣೆಬರಹಕ್ಕೆ ನಾವೇನು ಮಾಡೋಕಾಗುತ್ತೆ?"

ಅಕ್ಕ ಬಾಯಿ ಬಿಡಲಿಲ್ಲ. ಕೆಲಸ ಬಿಟ್ಟಳು. ಸಿಕ್ಕಸಿಕ್ಕ ಆಸ್ಪತ್ರೆಗಳಿಗೆ ಹೋಗಿ, ರಿಪೇರಿಯ ನೆಪದಲ್ಲಿ ನಕಲಿ ಚಿಪ್ ಕಿತ್ತು ಅಸಲಿಯದನ್ನು ಹಾಕತೊಡಗಿದಳು.

"ಅಷ್ಟು ಒಳ್ಳೇ ಕೆಲಸ ಬಿಟ್ಟು ಹಳೇ ಮಷೀನು ಬಿಚ್ತಾ ಕೂತಿದ್ದೀಯಲ್ಲೇ, ತಲೆ ನೆಟ್ಟಗಿದೆಯಾ?" ಎಂದು ತಂಗಿ ರೇಗಿದರೆ, "ಸುಮ್ಮನಿರೇ" ಎಂದಷ್ಟೇ ಅನ್ನುತ್ತಿದ್ದಳು.

*

"ಹಾಗೆ ಮಷೀನು ನಿಂತು ನಮ್ಮಲ್ಲೊಂದು ಮಗು ಹೋಯ್ತು," ಎಂದಳು ನರ್ಸ್. "ನನ್ನ ಪಾಳಿಯಲ್ಲಿ. ನಾನೇ ಏನೋ ತಪ್ಪಾಗಿ ಒತ್ತಿದೆ ಅಂದ್ರು ಎಲ್ಲರೂ. ನಾನೂ ಹಾಗೇ ನಂಬಿದ್ದೆ."

ಮ್ಯಾನೇಜರ ನಗು ಅರ್ಧಕ್ಕೇ ನಿಂತಿತು.

"ನಿಮ್ಮಕ್ಕನ ಹತ್ರಾನೂ ಹೇಳ್ಕೊಂಡು ಅತ್ತಿದ್ದೆ. ಕೇಳಿಸ್ಕೊಂಡು ಎದ್ದುಹೋದ್ರು. ಆಮೇಲೆ ನಮ್ಮಲ್ಲಿ ಒಂದು ಲೋಟ ನೀರೂ ಮುಟ್ಟಲಿಲ್ಲ. ನನ್ನ ಮೇಲೆ ಮುನಿಸು ಅಂದುಕೊಂಡಿದ್ದೆ."

ತಂಗಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ನೆಲ ನೋಡುತ್ತ, "ಅವಳು ನಮಗೂ ಹೇಳಲಿಲ್ಲಮ್ಮ," ಎಂದಳು. ಹೇಳಿದ ಮೇಲೆ ಅದಕ್ಕೂ ನಾಚಿಕೆಯೆನಿಸಿತು.

"ಹೊತ್ತಾಯ್ತು, ಎತ್ತೋಣ," ಎಂದ ಭಾವ. ಮೂವರು ಚಟ್ಟಕ್ಕೆ ಕೈ ಹಾಕಿದರು. ಮ್ಯಾನೇಜರು ಮುಂದೆ ಬಂದು ಹೆಗಲು ಬಗ್ಗಿಸಿದರು.

ನರ್ಸ್ ಬಹಳ ಹೊತ್ತು ಸತ್ತವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಹತ್ತಿರ ಬಂದಳು.

"ನೀವು ಬಿಡಿ, ಸಾರ್."

ನಾಲ್ಕನೇ ಮೂಲೆಗೆ ನರ್ಸ್ ಹೆಗಲು ಕೊಟ್ಟ ಚಟ್ಟ ಬೀದಿಯ ತಿರುವು ದಾಟಿತು. ಮ್ಯಾನೇಜರು ಖಾಲಿ ಹೆಗಲು ಬಗ್ಗಿಸಿಕೊಂಡೇ ಅಂಗಳದಲ್ಲಿ ನಿಂತಿದ್ದರು.